ಬುಡಾಪೆಸ್ಟಿನ ಗಣಿತದ ಕಟ್ಟೆ

ಬುಡಾಪೆಸ್ಟಿಗೆ ಹೋದವರು ಡ್ಯಾನ್ಯೂಬ್ ನದಿಯನ್ನು, ಅದರ ದಂಡೆಯ ಮೇಲಿನ ಸಂಸತ್ ಭವನವನ್ನು, ಬುಡಾ ಮತ್ತು ಪೆಸ್ಟ್ ಎಂಬ ಎರಡು ದಡಗಳನ್ನು ಬೆಸೆದಿರುವ ಸರಪಣಿ ಸೇತುವೆಯನ್ನು ನೋಡಿ ಬರುತ್ತಾರೆ. ಬಿಡುವಿದ್ದರೆ ಬಿಸಿನೀರಿನ ಬುಗ್ಗೆಗಳ ಸ್ನಾನಗೃಹಕ್ಕೂ ಹೋಗುತ್ತಾರೆ. ಎಲ್ಲವೂ ನೋಡತಕ್ಕವೇ. ಆದರೆ ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನದ ಪಾಠ ಹೇಳಿದ ಮೇಷ್ಟರಿಗೆ ಆ ಊರಿನಲ್ಲಿ ಇನ್ನೊಂದು ಆಕರ್ಷಣೆಯಿದೆ. ಅದು ಒಂದು ಉದ್ಯಾನವನದ ಮೂರ್ತಿಯ ಕಟ್ಟೆ. ತೊಂಬತ್ತು ವರ್ಷಗಳ ಹಿಂದೆ ಆ ಕಟ್ಟೆಯ ಸುತ್ತ ಕೆಲಸವಿಲ್ಲದ, ಕಾಸಿಲ್ಲದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೇರುತ್ತಿದ್ದರು. ಅವರಲ್ಲೊಬ್ಬನ ಹೆಸರು ಪಾಲ್ ಎರ್ಡೋಶ್.

ಮಗಳು ವಿಯೆನ್ನಾದಲ್ಲಿ ಓದುತ್ತಿದ್ದಾಳೆ. ಅಲ್ಲಿಂದ ಬುಡಾಪೆಸ್ಟಿಗೆ ರೈಲಿನಲ್ಲಿ ಮೂರು ಗಂಟೆಯೊಳಗಿನ ಪ್ರಯಾಣ. ಕೆಲೆತಿ ಎಂಬ ಹಳೆಯ ನಿಲ್ದಾಣದಲ್ಲಿಳಿದು ನಗರದ ಭೂಗತ ರೈಲು ಹಿಡಿದೆವು. ಉದ್ಯಾನವನಕ್ಕೆ ಹೋಗುವ ಈ ಒಂದನೆಯ ಮಾರ್ಗ ಆರಂಭವಾದದ್ದು 1896ರಲ್ಲಿ. ಯುರೋಪಿನ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಹಳೆಯ ಭೂಗತ ರೈಲಿಲ್ಲ. ಹಳದಿ ಬಣ್ಣದ ಪುಟ್ಟ ಡಬ್ಬಿಗಳು, ತಲೆಗೆ ತಗಲುವಂತಿರುವ ಸೂರು. ಆಟಿಕೆ ರೈಲಿನಲ್ಲಿ ಕುಳಿತ ಹಾಗೆ ಅನ್ನಿಸುತ್ತದೆ.

ಉದ್ಯಾನವನದ ಹೆಸರು ವಾರೋಶ್‌ಲಿಗೆತ್. ಒಳಗೊಂದು ಕೆರೆ, ಕೆರೆಯ ಪಕ್ಕ ವೊಯ್ದಾಹುನ್ಯಾದ್ ಎಂಬ ಕೋಟೆ. ನೋಡಿದರೆ ಸಾವಿರ ವರ್ಷ ಹಳೆಯದೆನ್ನಬೇಕು. ನಿಜಸಂಗತಿಯೆಂದರೆ 1896ರ ವಸ್ತುಪ್ರದರ್ಶನಕ್ಕೆಂದು ಮರ, ರಟ್ಟುಗಳಿಂದ ಕಟ್ಟಿದ್ದ ಕೋಟೆಯಿದು. ಜನರಿಗೆ ಮೆಚ್ಚುಗೆಯಾಯಿತೆಂದು ಆಮೇಲೆ ಕಲ್ಲಿನಲ್ಲಿ ಕಟ್ಟಿದರು. ಅದರ ಅಂಗಳದಲ್ಲಿ ಕಂಚಿನ ಮೂರ್ತಿಯೊಂದು ಕುಳಿತಿದೆ. ಮೈತುಂಬ ನಿಲುವಂಗಿ, ತಲೆಯ ಮೇಲಿನ ಮುಸುಕು ಮುಖವನ್ನೇ ಮುಚ್ಚಿದೆ, ಕೈಯಲ್ಲಿ ಲೇಖನಿ. ಮಿಕ್ಲೋಶ್ ಲಿಗೆತಿ ಎಂಬ ಶಿಲ್ಪಿ 1903ರಲ್ಲಿ ಮಾಡಿದ್ದು. ಬೇಲಾ ರಾಜನ ಕರಣಿಕನಾಗಿದ್ದು ಹಂಗೆರಿಯ ಮೊದಲ ಇತಿಹಾಸ ಬರೆದವನ ಮೂರ್ತಿಯಂತೆ. ಆತನ ಹೆಸರು ಯಾರಿಗೂ ತಿಳಿಯದು, ಆದ್ದರಿಂದ 'ಅನಾಮಿಕ'. ಲೇಖನಿಯನ್ನು ಮುಟ್ಟಿದರೆ ಬರವಣಿಗೆ ಒಲಿಯುತ್ತದೆಂದು ಜನ ಮುಟ್ಟಿ ಮುಟ್ಟಿ ಅದು ಬಂಗಾರದಂತೆ ಹೊಳೆಯುತ್ತಿದೆ. ಪರೀಕ್ಷೆಯ ಹಿಂದಿನ ದಿನದ ಭಕ್ತಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ.

1930ರ ಆಚೀಚೆ ಈ ಮೂರ್ತಿಯ ಬಳಿ ಸೇರುತ್ತಿದ್ದ ಬಳಗ ತನ್ನನ್ನು 'ಅನಾಮಿಕ ಗುಂಪು' ಎಂದೇ ಕರೆದುಕೊಳ್ಳುತ್ತಿತ್ತು. ಎರ್ಡೋಶ್ ಇದ್ದ, ಪಾಲ್ ಟುರಾನ್ ಇದ್ದ, ಟಿಬೋರ್ ಗಾಲೈ ಇದ್ದ. ಜಾರ್ಜ್ ಸೆಕೆರೆಶ್ ಓದುತ್ತಿದ್ದುದು ರಾಸಾಯನಿಕ ಎಂಜಿನಿಯರಿಂಗ್. ಎಸ್ತರ್ ಕ್ಲೈನ್ ಭೌತಶಾಸ್ತ್ರದ ವಿದ್ಯಾರ್ಥಿನಿ. ಹೆಚ್ಚಿನವರು ಯಹೂದಿಗಳು. ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಸಂಖ್ಯೆಯನ್ನು ಮಿತಿಗೊಳಿಸುವ ಕಾನೂನು ಹಂಗೆರಿಯಲ್ಲಿ 1920ರಲ್ಲೇ ಬಂದಿತ್ತು. ಓದು ಮುಗಿಸಿದರೂ ಕೆಲಸ ಕೊಡುವವರಿಲ್ಲ. ಮನೆಪಾಠ ಹೇಳಿ ಹೊಟ್ಟೆ ಹೊರೆಯಬೇಕು. ಭಾನುವಾರ ಬಂತೆಂದರೆ ಉದ್ಯಾನಕ್ಕೋ ಊರಾಚೆಯ ಗುಡ್ಡಗಳಿಗೋ ಹೋಗಿ ಲೆಕ್ಕ ಬಿಡಿಸುವುದು. ನಮ್ಮೂರಿನ ಅರಳೀಕಟ್ಟೆಯಲ್ಲಿ ರಾಜಕೀಯ ನಡೆಯುವ ಹಾಗೆ ಇಲ್ಲಿ ಗಣಿತ ನಡೆಯುತ್ತಿತ್ತು.

ಇವರೆಲ್ಲ ಒಬ್ಬರಿಗೊಬ್ಬರು ಗೊತ್ತಾದದ್ದು ಹೇಗೆ ಎಂಬುದನ್ನು ತಂದೆ ತಾಯಂದಿರು ಗಮನಿಸಬೇಕು. ಗ್ಯೋರ್ ಎಂಬ ಊರಿನ ಶಾಲಾ ಶಿಕ್ಷಕ ದಾನಿಯೆಲ್ ಅರಾನ್ 1894ರಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಗಣಿತ ಮಾಸಪತ್ರಿಕೆ ಆರಂಭಿಸಿದ. 'ಕೋಮಾಲ್' ಎಂದು ಅದರ ಚಿಕ್ಕ ಹೆಸರು. ಪ್ರತಿ ತಿಂಗಳು ಲೆಕ್ಕಗಳು ಪ್ರಕಟವಾಗುತ್ತಿದ್ದವು. ಮಕ್ಕಳು ಮನೆಯಲ್ಲಿ ಕುಳಿತು ಬಿಡಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಳ್ಳೆಯ ಉತ್ತರ ಬರೆದವರ ಹೆಸರು ಅಚ್ಚಾಗುತ್ತಿತ್ತು. ವರ್ಷದ ಕೊನೆಗೆ ಚೆನ್ನಾಗಿ ಬಿಡಿಸಿದವರ ಫೋಟೋ. ಬೇರೆ ಬೇರೆ ಶಾಲೆಯ ಹುಡುಗರು ಒಬ್ಬರ ಹೆಸರನ್ನೊಬ್ಬರು ಅಚ್ಚಿನಲ್ಲಿ ಓದಿ, ಆಮೇಲೆ ಹುಡುಕಿಕೊಂಡು ಹೋಗಿ ಗೆಳೆಯರಾದರು. ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತಿದ್ದ ಪತ್ರಿಕೆ ಮತ್ತೆ ಚೇತರಿಸಿಕೊಂಡು ಇಂದಿಗೂ ಬರುತ್ತಿದೆ. ಒಬ್ಬ ಶಾಲಾ ಮೇಷ್ಟರ ಕೆಲಸ ಇದೆಂದು ನೆನೆದು ನಾನು ಸ್ವಲ್ಪ ಹೆಮ್ಮೆಪಟ್ಟರೆ ಓದುಗರು ಕ್ಷಮಿಸಬೇಕು.

ಎರ್ಡೋಶ್ ಹುಟ್ಟಿದ್ದು ಇದೇ ಊರಿನಲ್ಲಿ, 1913ರ ಮಾರ್ಚ್ 26ರಂದು. ಹಂಗೆರಿಯವರು ನಮ್ಮ ಹಾಗೆ ಮನೆತನದ ಹೆಸರನ್ನು ಮುಂದಿಟ್ಟು 'ಎರ್ಡೋಶ್ ಪಾಲ್' ಎನ್ನುತ್ತಾರೆ. ತಂದೆ ತಾಯಿ ಇಬ್ಬರೂ ಗಣಿತ ಶಿಕ್ಷಕರು. ತಾಯಿ ಇವನ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಾಗ ಐದು ಮತ್ತು ಮೂರು ವರ್ಷದ ಇಬ್ಬರು ಅಕ್ಕಂದಿರು ಜ್ವರದಿಂದ ತೀರಿಕೊಂಡರು. ಮುಂದಿನ ವರ್ಷ ಮಹಾಯುದ್ಧ. ತಂದೆ ರಷ್ಯನ್ನರ ಸೆರೆಯಾಗಿ ಸೈಬೀರಿಯದಲ್ಲಿ ಆರು ವರ್ಷ ಕಳೆದ. ಉಳಿದ ಒಬ್ಬನೇ ಮಗನನ್ನು ತಾಯಿ ಶಾಲೆಗೂ ಸರಿಯಾಗಿ ಕಳಿಸದೆ ಮನೆಯಲ್ಲೇ ಇಟ್ಟುಕೊಂಡು ಓದಿಸಿದಳು. ಹುಡುಗ 1930ರಲ್ಲಿ ವಿಶ್ವವಿದ್ಯಾಲಯ ಸೇರಿ, 1934ರಲ್ಲಿ, 21ನೆಯ ವಯಸ್ಸಿಗೆ, ಡಾಕ್ಟರೇಟ್ ಪಡೆದ.

ಆ ಕಟ್ಟೆಯ ಬಳಗದಲ್ಲಿ 1933ರ ಹೊತ್ತಿಗೆ ಎಸ್ತರ್ ಕ್ಲೈನ್ ಒಂದು ಪ್ರಶ್ನೆ ಮುಂದಿಟ್ಟಳು. ಮನೆಯಲ್ಲೇ ಮಾಡಿ ನೋಡಬಹುದು. ಒಂದು ಹಲಗೆಯ ಮೇಲೆ ಐದು ಮೊಳೆ ಹೊಡೆಯಿರಿ. ಯಾವ ಮೂರು ಮೊಳೆಗಳೂ ಒಂದೇ ಗೆರೆಯಲ್ಲಿ ಬರಕೂಡದು, ಅಷ್ಟೆ. ನೀವು ಹೇಗೇ ಹೊಡೆದರೂ ಅವುಗಳಲ್ಲಿ ನಾಲ್ಕು ಮೊಳೆಗಳು ಒಳಕ್ಕೆ ಗುಳಿಬೀಳದ ಚತುರ್ಭುಜವನ್ನು ಮಾಡಿಯೇ ತೀರುತ್ತವೆ. ಏಕೆ? ಎಲ್ಲ ಮೊಳೆಗಳನ್ನೂ ಬಳಸಿ ಹೊರಗಿನಿಂದ ಒಂದು ರಬ್ಬರ್ ಬ್ಯಾಂಡ್ ಹಾಕಿ. ಅದು ನಾಲ್ಕೋ ಐದೋ ಮೊಳೆಗಳನ್ನು ತಾಗಿದರೆ ಚತುರ್ಭುಜ ಕಣ್ಣಮುಂದೆಯೇ ಇದೆ. ಮೂರನ್ನೇ ತಾಗಿದರೆ ತ್ರಿಭುಜವಾಯಿತು, ಎರಡು ಮೊಳೆ ಒಳಗುಳಿದವು. ಆ ಎರಡರ ಮೂಲಕ ಒಂದು ಗೆರೆ ಎಳೆಯಿರಿ. ತ್ರಿಭುಜದ ಮೂರು ಮೂಲೆಗಳಲ್ಲಿ ಎರಡು ಗೆರೆಯ ಒಂದೇ ಬದಿಗೆ ಬರಲೇಬೇಕು. ಆ ಎರಡು, ಒಳಗಿನ ಎರಡು, ಚತುರ್ಭುಜ ಸಿದ್ಧ!

ಹಾಗಾದರೆ ಪಂಚಭುಜ ಖಚಿತವಾಗಿ ಬರಲು ಎಷ್ಟು ಮೊಳೆ ಬೇಕು? ಒಂಬತ್ತು. ಷಡ್ಭುಜಕ್ಕೆ ಹದಿನೇಳು ಎಂದು ಸೆಕೆರೆಶ್ ಮತ್ತು ಎರ್ಡೋಶ್ ಊಹಿಸಿದರು. ಅದು ಕಂಪ್ಯೂಟರಿನ ಸಹಾಯದಿಂದ ಸಿದ್ಧವಾಗಿ ಪ್ರಕಟವಾದದ್ದು 2006ರಲ್ಲಿ. ಅದರಾಚೆಗಿನ ಸಾಮಾನ್ಯ ಸೂತ್ರ ಪೂರ್ತಿಯಾಗಿ ಇಂದಿಗೂ ಸಿದ್ಧವಾಗಿಲ್ಲ. ಎಸ್ತರ್ ಕೇಳಿದ ಪ್ರಶ್ನೆಯ ಹಿಂದೆ ಬಿದ್ದ ಸೆಕೆರೆಶ್ 1937ರಲ್ಲಿ ಅವಳನ್ನೇ ಮದುವೆಯಾದ. ಎರ್ಡೋಶ್ ಇದಕ್ಕೆ 'ಸುಖಾಂತ ಸಮಸ್ಯೆ' ಎಂದು ಹೆಸರಿಟ್ಟ. ದಂಪತಿ ನಾಜಿಗಳಿಂದ ತಪ್ಪಿಸಿಕೊಂಡು ಶಾಂಘೈ ಸೇರಿ, ಯುದ್ಧವಾದ ಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. 2005ರ ಆಗಸ್ಟ್ 28ರಂದು ಇಬ್ಬರೂ ಒಂದು ಗಂಟೆಯೊಳಗೆ ಒಬ್ಬರ ಹಿಂದೊಬ್ಬರು ತೀರಿಕೊಂಡರು.

ಈ ಮೊಳೆಗಳ ಲೆಕ್ಕದ ಬೆನ್ನು ಹತ್ತಿದಾಗಲೇ ಅವರಿಗೆ ಇನ್ನೊಂದು ದೊಡ್ಡ ವಿಷಯ ಸಿಕ್ಕಿತು. ಇಂಗ್ಲೆಂಡಿನ ಫ್ರಾಂಕ್ ರಾಮ್ಸೆ ಅದನ್ನು ಆಗಲೇ ಸಾಧಿಸಿದ್ದ. ಪಾಪ, 26ನೆಯ ವಯಸ್ಸಿಗೇ, 1930ರಲ್ಲಿ, ತೀರಿಕೊಂಡಿದ್ದ. ಸೆಕೆರೆಶ್ ಅದನ್ನು ತಿಳಿಯದೆ ಸ್ವತಂತ್ರವಾಗಿ ಮತ್ತೆ ಕಂಡುಹಿಡಿದ. ಅದರ ಸರಳ ರೂಪ ಹೀಗೆ. ಒಂದು ಮದುವೆ ಮನೆಯಲ್ಲಿ ಆರು ಜನ ಒಂದು ಜಮಖಾನೆಯ ಮೇಲೆ ಕುಳಿತಿದ್ದಾರೆ ಎನ್ನಿ. ಅವರಲ್ಲಿ ಪರಸ್ಪರ ಪರಿಚಿತರಾದ ಮೂವರು, ಇಲ್ಲವೆ ಪರಸ್ಪರ ಅಪರಿಚಿತರಾದ ಮೂವರು ಇದ್ದೇ ಇರುತ್ತಾರೆ. ಆರರಲ್ಲಿ ಒಬ್ಬನನ್ನು ಹಿಡಿಯಿರಿ. ಉಳಿದ ಐವರಲ್ಲಿ ಕನಿಷ್ಠ ಮೂವರು ಅವನಿಗೆ ಪರಿಚಿತರು, ಇಲ್ಲವೆ ಕನಿಷ್ಠ ಮೂವರು ಅಪರಿಚಿತರು. ಮೂವರು ಪರಿಚಿತರೆಂದೇ ಇಟ್ಟುಕೊಳ್ಳಿ. ಆ ಮೂವರಲ್ಲಿ ಯಾರಾದರೂ ಇಬ್ಬರು ಪರಸ್ಪರ ಗೊತ್ತಿದ್ದವರಾದರೆ ನಮ್ಮವನೂ ಸೇರಿ ಪರಿಚಿತರ ಮೂವರಾಯಿತು. ಯಾರಿಗೆ ಯಾರೂ ಗೊತ್ತಿಲ್ಲದಿದ್ದರೆ ಆ ಮೂವರೇ ಅಪರಿಚಿತರ ಗುಂಪು. ಇನ್ನೊಂದು ಪಕ್ಷವನ್ನು ಇದೇ ರೀತಿ ವಿದ್ಯಾರ್ಥಿಗಳು ಬರೆದು ನೋಡಲಿ. ಐದೇ ಜನರಿದ್ದರೆ ಈ ಮಾತು ನಿಲ್ಲುವುದಿಲ್ಲ: ವೃತ್ತಾಕಾರವಾಗಿ ಕುಳಿತು ಪ್ರತಿಯೊಬ್ಬನಿಗೂ ಅಕ್ಕಪಕ್ಕದ ಇಬ್ಬರು ಮಾತ್ರ ಪರಿಚಿತರಾದರೆ ಅಂತಹ ಮೂವರು ಸಿಗುವುದಿಲ್ಲ.

ಜನರನ್ನು ಚುಕ್ಕೆಗಳೆಂದೂ ಪರಿಚಯವನ್ನು ಗೆರೆಗಳೆಂದೂ ಬರೆದರೆ ಅದೇ ಗಣಿತದಲ್ಲಿ 'ಗ್ರಾಫ್'. ನಮ್ಮ ಪಠ್ಯದಲ್ಲಿ ಬರುವ, ಚೌಕುಳಿ ಹಾಳೆಯ ಮೇಲಿನ ಗ್ರಾಫ್ ಅಲ್ಲ.

ಮೂವರ ಬದಲು ನಾಲ್ವರು ಬೇಕಾದರೆ 18 ಜನ ಬೇಕು. ಐವರು ಬೇಕಾದರೆ? 43ಕ್ಕಿಂತ ಕಡಿಮೆಯಲ್ಲ, 46ಕ್ಕಿಂತ ಹೆಚ್ಚಲ್ಲ ಎಂಬಷ್ಟೇ ಈಗ ತಿಳಿದಿದೆ. ಆ 46 ಕೂಡ 2024ರಲ್ಲಿ ಸಿಕ್ಕಿದ್ದು. ಅನ್ಯಲೋಕದವರು ದಂಡೆತ್ತಿ ಬಂದು ಐವರ ಉತ್ತರ ಹೇಳದಿದ್ದರೆ ಭೂಮಿಯನ್ನೇ ನಾಶಮಾಡುತ್ತೇವೆ ಎಂದರೆ ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕೋಣ, ಆರು ಜನರ ಉತ್ತರ ಕೇಳಿದರೆ ಲೆಕ್ಕ ಬಿಟ್ಟು ಯುದ್ಧಕ್ಕೇ ಹೊರಡೋಣ ಎಂಬರ್ಥದ ಮಾತನ್ನು ಎರ್ಡೋಶ್ ಹೇಳುತ್ತಿದ್ದರಂತೆ.

ನಾಣ್ಯ ಚಿಮ್ಮಿದ ಗಣಿತ

ಈಗ ಮುಖ್ಯ ಸಂಗತಿಗೆ ಬರೋಣ. 1947ರಲ್ಲಿ ಎರ್ಡೋಶ್ ಮೂರು ಪುಟದ ಒಂದು ಪ್ರಬಂಧ ಪ್ರಕಟಿಸಿದರು. ಗಣಿತದಲ್ಲಿ ಸಂಭವನೀಯತೆಯ ವಿಧಾನ ಎಂದು ಇಂದು ಹೆಸರಾದ ದಾರಿಯನ್ನು ಎಲ್ಲರಿಗೂ ತೋರಿಸಿಕೊಟ್ಟದ್ದು ಅದು. ವಿಕಲ್ಪಗಳ ಪಾಠ, ನಾಣ್ಯ ಚಿಮ್ಮುವ ಪಾಠ ಎರಡೂ ಗೊತ್ತಿದ್ದವರಿಗೆ ಅದು ಅರ್ಥವಾಗುತ್ತದೆ. ಅಷ್ಟು ಸುಲಭ, ಆದರೆ ಅವರಿಗಿಂತ ಮೊದಲು ಅದನ್ನು ಹೀಗೆ ಆಯುಧವಾಗಿ ಬಳಸಿದವರು ವಿರಳ.

ನೂರು ಜನರಿದ್ದಾರೆ. ಯಾವ ಹತ್ತು ಜನರನ್ನು ಆರಿಸಿದರೂ ಅವರೆಲ್ಲ ಪರಸ್ಪರ ಪರಿಚಿತರೂ ಆಗಿರಬಾರದು, ಎಲ್ಲರೂ ಪರಸ್ಪರ ಅಪರಿಚಿತರೂ ಆಗಿರಬಾರದು. ಹಾಗೆ ಪರಿಚಯಗಳನ್ನು ಹೊಂದಿಸಲು ಸಾಧ್ಯವೆ? ನೂರು ಜನರಲ್ಲಿ 4,950 ಜೋಡಿಗಳಿವೆ. ಪ್ರತಿ ಜೋಡಿಗೂ ಒಂದು ನಾಣ್ಯ ಚಿಮ್ಮಿ. ತಲೆ ಬಿದ್ದರೆ ಪರಿಚಿತರು, ಬಾಲ ಬಿದ್ದರೆ ಅಪರಿಚಿತರು. ನೂರರಲ್ಲಿ ಹತ್ತು ಜನರನ್ನು ಆರಿಸುವ ವಿಧಗಳು ಸುಮಾರು 17 ಲಕ್ಷ 31 ಸಾವಿರ ಕೋಟಿ. ಒಂದು ಹತ್ತರ ಗುಂಪಿನಲ್ಲಿ 45 ಜೋಡಿಗಳು. ಆ 45 ನಾಣ್ಯಗಳೂ ಒಂದೇ ಮುಖ ತೋರಿಸುವ ಸಂಭವ ಎರಡರ 44ನೆಯ ಘಾತದಲ್ಲಿ ಒಂದು, ಅಂದರೆ ಸುಮಾರು 17 ಲಕ್ಷ 59 ಸಾವಿರ ಕೋಟಿಯಲ್ಲಿ ಒಂದು. ಮೊದಲ ಸಂಖ್ಯೆ ಎರಡನೆಯದಕ್ಕಿಂತ ಚಿಕ್ಕದು. ಆದ್ದರಿಂದ ಕೆಟ್ಟ ಗುಂಪುಗಳ ಸರಾಸರಿ ಸಂಖ್ಯೆ ಒಂದಕ್ಕಿಂತ ಸ್ವಲ್ಪ ಕಡಿಮೆ. ಸರಾಸರಿ ಒಂದಕ್ಕಿಂತ ಕಡಿಮೆಯೆಂದ ಮೇಲೆ ಕೆಟ್ಟ ಗುಂಪು ಒಂದೂ ಇಲ್ಲದ ಜೋಡಣೆ ಎಲ್ಲೋ ಇರಲೇಬೇಕು. ಮುಗಿಯಿತು!

ಅನಾಮಿಕನ ಪಕ್ಕದ ಬೆಂಚಿನ ಮೇಲೆ ಕುಳಿತು ಮಗಳಿಗೆ ಇದನ್ನು ಹೇಳಿದಾಗ ಅವಳು ಒಪ್ಪಲಿಲ್ಲ. "ಇದೆ ಅಂದ್ರೆ ತೋರಿಸ್ಬೇಕಲ್ಲಪ್ಪ?" ಎಂದಳು. ಇದೇ ಆಕ್ಷೇಪ ನನ್ನ ತರಗತಿಗಳಲ್ಲಿಯೂ ಬಂದಿದೆ. ಅದಕ್ಕೆ ನಾನು ಕೊಡುವ ಉದಾಹರಣೆ ಇದು. ನಲವತ್ತು ಮಕ್ಕಳ ತರಗತಿ. ಎಲ್ಲರೂ ತಂದ ಪೆನ್ನುಗಳನ್ನು ಒಂದು ಡಬ್ಬಿಗೆ ಹಾಕಿ ಎಣಿಸಿದರೆ ಮೂವತ್ತೊಂಬತ್ತು. ಪೆನ್ನಿಲ್ಲದೆ ಬಂದ ಮಹರಾಯ ಒಬ್ಬನಾದರೂ ಇದ್ದಾನೆ. ಅವನು ಯಾರು ಎಂದು ಹೇಳಲಾರೆ, ಆದರೆ ಇಲ್ಲ ಎನ್ನಲು ನಿಮ್ಮಿಂದ ಸಾಧ್ಯವಿಲ್ಲ. ಎರ್ಡೋಶ್ ಮಾಡಿದ್ದು ಇಷ್ಟೇ. ಹುಡುಕದೆಯೇ ಇದೆ ಎಂದು ಸಾಧಿಸಿದರು. ನೂರು ಜನರ ಮಟ್ಟಿಗೆ ಇನ್ನೂ ಚೆನ್ನಾದ ಜೋಡಣೆಗಳನ್ನು ಬೇರೆ ಉಪಾಯದಿಂದ ಕೈಯಾರೆ ಕಟ್ಟಬಹುದು. ಆದರೆ ಗುಂಪು ದೊಡ್ಡದಾಗುತ್ತ ಹೋದಂತೆ ಕುರುಡು ನಾಣ್ಯ ಕೊಡುವಷ್ಟು ಒಳ್ಳೆಯ ಜೋಡಣೆಯನ್ನು ನಿಶ್ಚಿತ ನಿಯಮದಿಂದ ಕಟ್ಟಿ ತೋರಿಸುವ ದಾರಿ ಇಂದಿನವರೆಗೂ ಯಾರಿಗೂ ಸಿಕ್ಕಿಲ್ಲ. ಎಂಬತ್ತು ವರ್ಷ ಆಗುತ್ತ ಬಂತು!

1959ರಲ್ಲಿ ಅದೇ ಉಪಾಯದಿಂದ ಅವರು ಇನ್ನೊಂದು ಅಚ್ಚರಿ ತೋರಿಸಿದರು. ಗೆರೆಯಿಂದ ಕೂಡಿದ ಚುಕ್ಕೆಗಳಿಗೆ ಬೇರೆ ಬೇರೆ ಬಣ್ಣ ಬಳಿಯಬೇಕೆಂಬ ನಿಯಮವಿದ್ದರೆ, ಚಿಕ್ಕ ಸುತ್ತುಗಳೇ ಇಲ್ಲದ, ಎಲ್ಲಿ ನೋಡಿದರೂ ಮರದ ಕೊಂಬೆಯಂತೆ ಕಾಣುವ ಗ್ರಾಫಿಗೂ ಎಷ್ಟು ಬೇಕಾದರೂ ಬಣ್ಣಗಳು ಬೇಕಾಗಬಹುದು. ಮರಕ್ಕಾದರೆ ಎರಡೇ ಬಣ್ಣ ಸಾಕು. ಕಣ್ಣಿಗೆ ಕಾಣುವುದಕ್ಕೆ ಪೂರ್ತಿ ವಿರುದ್ಧವಾದ ಫಲಿತಾಂಶ.

ಕಟ್ಟೆ ಚದುರಿದ್ದು

ಎರ್ಡೋಶ್ 1934ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ, 1938ರಲ್ಲಿ ಅಮೆರಿಕಕ್ಕೆ ಹೋದರು. ಹೋದದ್ದರಿಂದ ಉಳಿದರು ಎನ್ನಬೇಕು. ತಂದೆ 1942ರಲ್ಲಿ ಹೃದಯಾಘಾತದಿಂದ ತೀರಿಕೊಂಡರು; ಬಂಧುಗಳಲ್ಲಿ ಅನೇಕರು ನಾಜಿಗಳಿಗೆ ಬಲಿಯಾದರು; ತಾಯಿ ಹೇಗೋ ಬದುಕಿದರು. ಎರ್ಡೋಶ್ ಜತೆಗೆ ಪ್ರಬಂಧ ಬರೆದಿದ್ದ ಗೇಜಾ ಗ್ರೂನ್‌ವಾಲ್ಡ್ ಯುದ್ಧಕಾಲದಲ್ಲಿ ಬಲಿಯಾದ. ಯುವ ಗಣಿತಜ್ಞರಿಗೆ ಹಂಗೆರಿಯವರು ಕೊಡುವ ಒಂದು ಪ್ರಶಸ್ತಿಗೆ ಅವನ ಹೆಸರಿದೆ.

ಟುರಾನ್ ಬಲವಂತದ ದುಡಿಮೆಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ. 1944ರಲ್ಲಿ ಬುಡಾಪೆಸ್ಟಿನ ಹತ್ತಿರದ ಒಂದು ಇಟ್ಟಿಗೆ ಕಾರ್ಖಾನೆಯಲ್ಲಿ ಅವನ ಕೆಲಸ ಗೂಡಿನಿಂದ ಇಟ್ಟಿಗೆಗಳನ್ನು ಪುಟ್ಟ ಗಾಡಿಗೆ ತುಂಬಿ ಹಳಿಯ ಮೇಲೆ ದಾಸ್ತಾನಿನವರೆಗೆ ತಳ್ಳುವುದು. ಪ್ರತಿ ಗೂಡಿನಿಂದ ಪ್ರತಿ ದಾಸ್ತಾನಿಗೂ ಹಳಿಯಿತ್ತು. ಎರಡು ಹಳಿಗಳು ಅಡ್ಡ ಹಾಯುವಲ್ಲಿ ಗಾಡಿ ಎಗರುತ್ತಿತ್ತು, ಇಟ್ಟಿಗೆ ಚೆಲ್ಲುತ್ತಿತ್ತು. ಬೆವರು ಸುರಿಸುತ್ತ ಅವನು ಯೋಚಿಸಿದ: ಹಳಿಗಳು ಒಂದನ್ನೊಂದು ಅತಿ ಕಡಿಮೆ ಬಾರಿ ದಾಟುವಂತೆ ಇವುಗಳನ್ನು ಹಾಕುವುದು ಹೇಗೆ? 'ಟುರಾನನ ಇಟ್ಟಿಗೆ ಕಾರ್ಖಾನೆ ಸಮಸ್ಯೆ' ಎಂದು ಪುಸ್ತಕಗಳಲ್ಲಿ ಅದು ಈಗಲೂ ಇದೆ. ಕೆಲವು ಸಣ್ಣ ಸಂಖ್ಯೆಗಳಿಗೆ ಉತ್ತರ ಗೊತ್ತು. ಸಾಮಾನ್ಯ ಉತ್ತರ ಸಿದ್ಧವಾಗಿಲ್ಲ.

ಎರ್ಡೋಶ್ ಮತ್ತು ಗಾಲೈಗೆ ಗ್ರಾಫ್ ಸಿದ್ಧಾಂತದ ರುಚಿ ಹತ್ತಿಸಿದ ಗುರು ದೇನೆಶ್ ಕೋನಿಗ್. ಆ ವಿಷಯದ ಮೊದಲ ಪಠ್ಯಪುಸ್ತಕ ಬರೆದವರು ಅವರೇ, 1936ರಲ್ಲಿ. 1944ರ ಅಕ್ಟೋಬರ್ 15ರಂದು ಹಂಗೆರಿಯ ನಾಜಿಗಳ ಪಕ್ಷ ಅಧಿಕಾರ ಹಿಡಿಯಿತು. ನಾಲ್ಕೇ ದಿನಗಳಲ್ಲಿ ಕೋನಿಗ್ ತಮ್ಮ ಪ್ರಾಣ ತಾವೇ ಕಳೆದುಕೊಂಡರು.

ಅಲ್‌ಫ್ರೆಡ್ ರೇನ್ಯಿ ಅನ್ನುವವನದು ಇನ್ನೊಂದು ಕತೆ. ಎರ್ಡೋಶ್‌ಗಿಂತ ಎಂಟು ವರ್ಷ ಚಿಕ್ಕವನು. ಶಿಬಿರದಿಂದ ತಪ್ಪಿಸಿಕೊಂಡು ತಲೆಮರೆಸಿಕೊಂಡಿದ್ದ. ತಂದೆ ತಾಯಿ ಬುಡಾಪೆಸ್ಟಿನ ಯಹೂದಿ ಕೇರಿಯಲ್ಲಿ ಸೆರೆಯಾಗಿದ್ದರು. ಎಲ್ಲಿಂದಲೋ ಸೈನಿಕನ ಸಮವಸ್ತ್ರ ಸಂಪಾದಿಸಿ ತೊಟ್ಟು, ನೇರವಾಗಿ ಒಳಗೆ ನಡೆದು, ಕೈದಿಗಳನ್ನು ಕರೆದೊಯ್ಯುವವನಂತೆ ಅಪ್ಪ ಅಮ್ಮನನ್ನು ಹೊರಗೆ ನಡೆಸಿಕೊಂಡು ಬಂದ.

ರೇನ್ಯಿ 1950ರಲ್ಲಿ ಕಟ್ಟಿದ ಗಣಿತ ಸಂಸ್ಥೆ ಈಗ ಅವನ ಹೆಸರಿನಲ್ಲೇ ಇದೆ. ಊರಿನ ನಡುಮಧ್ಯೆ, ರೆಆಲ್‌ತನೋದಾ ಎಂಬ ಕಿರಿದಾದ ಬೀದಿಯಲ್ಲಿ. ಅನುಮತಿಯಿಲ್ಲದೆ ಒಳಗೆ ಹೋಗುವುದು ಸರಿಯಲ್ಲವೆಂದು ನಾವು ಬೀದಿಯಲ್ಲೇ ನಿಂತು ನೋಡಿದೆವು. ಸದ್ದುಗದ್ದಲವಿಲ್ಲದ ಹಳೆಯ ಕಟ್ಟಡ. ಪಕ್ಕದ ಬೀದಿಯ ಕಾಫಿ ಅಂಗಡಿಗಳಲ್ಲಿದ್ದಷ್ಟು ಜನ ಇಲ್ಲಿಲ್ಲ. ಗಣಿತಜ್ಞನೆಂದರೆ ಕಾಫಿಯನ್ನು ಪ್ರಮೇಯಗಳನ್ನಾಗಿ ಮಾರ್ಪಡಿಸುವ ಯಂತ್ರ ಎಂಬ ಪ್ರಸಿದ್ಧ ಮಾತನ್ನು ಎಲ್ಲರೂ ಎರ್ಡೋಶ್ ಲೆಕ್ಕಕ್ಕೆ ಹಾಕುತ್ತಾರೆ. ಅದು ರೇನ್ಯಿಯ ಮಾತು.

ಇವರಿಬ್ಬರೂ ಕೂಡಿ 1959, 1960ರಲ್ಲಿ ಬರೆದ ಪ್ರಬಂಧಗಳಿಂದ ಯಾದೃಚ್ಛಿಕ ಗ್ರಾಫುಗಳ ಶಾಸ್ತ್ರ ಹುಟ್ಟಿತು. ಒಂದು ಸಾವಿರ ಹಳ್ಳಿಗಳಿವೆ, ರಸ್ತೆ ಒಂದೂ ಇಲ್ಲ ಎನ್ನಿ. ಚೀಟಿ ಎತ್ತಿ ಯಾವುದೋ ಎರಡು ಹಳ್ಳಿಗಳ ನಡುವೆ ಒಂದು ರಸ್ತೆ ಹಾಕಿ. ಮತ್ತೊಂದು ಚೀಟಿ, ಮತ್ತೊಂದು ರಸ್ತೆ. ಮೊದಮೊದಲು ಅಲ್ಲಲ್ಲಿ ಎರಡು ಮೂರು ಹಳ್ಳಿಗಳ ಸಣ್ಣ ಗುಂಪುಗಳಾಗುತ್ತವೆ. ರಸ್ತೆಗಳ ಸಂಖ್ಯೆ ಹಳ್ಳಿಗಳ ಸಂಖ್ಯೆಯ ಅರ್ಧ, ಅಂದರೆ 500, ದಾಟುವ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಸಣ್ಣ ಗುಂಪುಗಳು ಪಟಪಟನೆ ಕೂಡಿಕೊಂಡು ಒಂದೇ ದೊಡ್ಡ ಗುಂಪು ತಲೆಯೆತ್ತುತ್ತದೆ. ಉಳಿದ ಗುಂಪುಗಳೆಲ್ಲ ಅದರ ಮುಂದೆ ಚಿಕ್ಕವು. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವಂತೆ! ಆದರೆ ಒಂದು ಹಳ್ಳಿಯೂ ಬಿಟ್ಟುಹೋಗದೆ ಎಲ್ಲ ಕೂಡಲು ಸುಮಾರು 3,450 ರಸ್ತೆಗಳು ಬೇಕು. ಎಲ್ಲೋ ಮೂಲೆಯ ಒಂದೆರಡು ಹಳ್ಳಿಗಳಿಗೆ ಚೀಟಿ ಏಳುವುದೇ ಇಲ್ಲ. ಕೊನೆಯ ಹಳ್ಳಿಗೆ ರಸ್ತೆ ತಡವಾಗಿ ಬರುವುದು ಚೀಟಿಯ ಲೆಕ್ಕದಲ್ಲೂ ನಿಜವೆಂದಾಯಿತು. ಸಾಂಕ್ರಾಮಿಕ ರೋಗ ಹೇಗೆ ಹರಡುತ್ತದೆ, ದೊಡ್ಡ ಜಾಲಗಳು ಯಾವಾಗ ತುಂಡಾಗುತ್ತವೆ ಎಂದು ಅಧ್ಯಯನ ಮಾಡುವವರೆಲ್ಲ ಇಂದು ಈ ಲೆಕ್ಕದಿಂದ ಆರಂಭಿಸುತ್ತಾರೆ.

ಸೂಟ್‌ಕೇಸಿನ ಸಂಸಾರ

ಎರ್ಡೋಶ್‌ಗೆ ಮನೆಯಿರಲಿಲ್ಲ, ಮದುವೆಯಾಗಲಿಲ್ಲ, ಕಾಯಂ ನೌಕರಿ ಹಿಡಿಯಲಿಲ್ಲ. ಒಂದೆರಡು ಸೂಟ್‌ಕೇಸ್ ಹಿಡಿದು ಊರೂರು ತಿರುಗುವುದು, ಗೆಳೆಯರ ಮನೆಯಲ್ಲಿ ಇಳಿಯುವುದು, ಅವರೊಡನೆ ಕುಳಿತು ಪ್ರಮೇಯ ಸಾಧಿಸುವುದು, ಮುಂದಿನ ಊರಿಗೆ ಹೊರಡುವುದು. 1954ರಲ್ಲಿ ಸಮ್ಮೇಳನಕ್ಕೆಂದು ಆಮ್‌ಸ್ಟರ್‌ಡ್ಯಾಮಿಗೆ ಹೊರಟಾಗ ಅಮೆರಿಕ ಅವರಿಗೆ ಮರಳಿ ಬರುವ ಅನುಮತಿ ನಿರಾಕರಿಸಿತು. ಅವರು ಹೋಗಿಯೇ ಹೋದರು. 1963ರವರೆಗೆ ಅಲ್ಲಿ ನೆಲೆಯೂರಲು ಆಗಲಿಲ್ಲ. 1964ರಿಂದ ತಾಯಿಯೂ ಜತೆಯಾದರು. ಆಗ ಆಕೆಗೆ 84 ವರ್ಷ! 1971ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ತೀರಿಕೊಳ್ಳುವವರೆಗೂ ಮಗನ ಹಿಂದೆ ದೇಶ ದೇಶ ಸುತ್ತಿದರು. ಒಟ್ಟು ಸುಮಾರು 1,500 ಪ್ರಬಂಧಗಳು, 500ಕ್ಕೂ ಹೆಚ್ಚು ಸಹಲೇಖಕರು.

ಹಣದ ವಿಷಯದಲ್ಲಿ ಅವರು ಸಂನ್ಯಾಸಿ. ವುಲ್ಫ್ ಪ್ರಶಸ್ತಿಯ 50,000 ಡಾಲರಿನಲ್ಲಿ ತನಗೆಂದು ಇಟ್ಟುಕೊಂಡದ್ದು 720 ಡಾಲರ್. ಭಾರತದಲ್ಲಿ ಕೊಟ್ಟ ಉಪನ್ಯಾಸಗಳ ಸಂಭಾವನೆಯನ್ನು ಶ್ರೀನಿವಾಸ ರಾಮಾನುಜನ್ ಅವರ ಪತ್ನಿಗೆ ಕಳಿಸಿಕೊಟ್ಟರು. ಬಿಡಿಸಲಾಗದ ಲೆಕ್ಕಗಳಿಗೆ ಕೈಯಿಂದ ಬಹುಮಾನ ಘೋಷಿಸುತ್ತಿದ್ದರು. ಎಂದ್ರೆ ಸೆಮೆರೆದಿ ಎಂಬ ಬುಡಾಪೆಸ್ಟಿನವನು ಅಂತಹ ಒಂದರಿಂದ 1,000 ಡಾಲರ್ ಗೆದ್ದ. ಅದೇ ಸೆಮೆರೆದಿಗೆ 2012ರಲ್ಲಿ ಆಬೆಲ್ ಪ್ರಶಸ್ತಿ ಬಂತು.

ಮದರಾಸಿನ ಕತೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. 1970ರ ದಶಕದಲ್ಲಿ ಕೃಷ್ಣಸ್ವಾಮಿ ಅಲ್ಲಾಡಿ ಎಂಬ ಕಾಲೇಜು ವಿದ್ಯಾರ್ಥಿ ಸಂಖ್ಯೆಗಳ ಬಗ್ಗೆ ತಾನು ಕಂಡ ಕೆಲವು ಸಂಗತಿಗಳನ್ನು ಎರ್ಡೋಶ್‌ಗೆ ಬರೆದ. ಆಗಲೇ ಜಗತ್ಪ್ರಸಿದ್ಧರಾಗಿದ್ದ ಎರ್ಡೋಶ್ ಕಲ್ಕತ್ತೆಯಿಂದ ಆಸ್ಟ್ರೇಲಿಯಾಕ್ಕೆ ಹೋಗುವವರಿದ್ದರು. ಆ ಹುಡುಗನನ್ನು ಕಂಡು ಮಾತಾಡಲೆಂದೇ ದಾರಿ ಬದಲಿಸಿ 1975ರಲ್ಲಿ ಮದರಾಸಿನಲ್ಲಿಳಿದರು. ಇಬ್ಬರೂ ಸೇರಿ ಬರೆದ ಪ್ರಬಂಧ 1977ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ವಿದ್ಯಾರ್ಥಿಯ ಕಾಗದಕ್ಕೆ ಉತ್ತರ ಬರೆಯುವ ಪ್ರಾಧ್ಯಾಪಕರೇ ಕಡಿಮೆ. ವಿಮಾನ ಬದಲಿಸುವುದು ದೂರದ ಮಾತು.

ಮಕ್ಕಳನ್ನು ಎರ್ಡೋಶ್ 'ಎಪ್ಸಿಲಾನ್' ಎನ್ನುತ್ತಿದ್ದರು. ಗಣಿತದಲ್ಲಿ ಅತಿ ಚಿಕ್ಕ ಪರಿಮಾಣಕ್ಕೆ ಇಡುವ ಅಕ್ಷರ ಅದು. 1959ರಲ್ಲಿ ಬುಡಾಪೆಸ್ಟಿಗೆ ಬಂದಾಗ ಲಾಯೋಶ್ ಪೋಶಾ ಎಂಬ ಹನ್ನೆರಡು ತುಂಬದ ಬಾಲಕನ ಸುದ್ದಿ ಕೇಳಿ ಅವನನ್ನು ಊಟಕ್ಕೆ ಕರೆದರು. ಹುಡುಗ ಸೂಪು ಕುಡಿಯುತ್ತಿದ್ದಾಗ ಒಂದು ಪ್ರಶ್ನೆ ಹಾಕಿದರು. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ನಿಮಗಿಷ್ಟವಾದ 51ನ್ನು ಆರಿಸಿಕೊಂಡರೆ, ಅವುಗಳಲ್ಲಿ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಎರಡು ಸಂಖ್ಯೆಗಳು ಇದ್ದೇ ಇರುತ್ತವೆ, ಏಕೆ? ಇದಕ್ಕೆ ಸರಳ ಉತ್ತರ ಹೊಳೆಯಲು ಎರ್ಡೋಶ್‌ಗೇ ಹಿಂದೊಮ್ಮೆ ಹತ್ತು ನಿಮಿಷ ಹಿಡಿದಿತ್ತಂತೆ. ಪೋಶಾ ಅರ್ಧ ನಿಮಿಷ ಸುಮ್ಮನಿದ್ದು, ಅವೆರಡು ಅಕ್ಕಪಕ್ಕದ ಸಂಖ್ಯೆಗಳು ಎಂದನಂತೆ. (1,2), (3,4) ಹೀಗೆ ಐವತ್ತು ಜೋಡಿ. ಐವತ್ತೊಂದು ಆರಿಸಿದರೆ ಯಾವುದೋ ಜೋಡಿಯ ಎರಡೂ ಬರಬೇಕು. ಅನುಕ್ರಮ ಸಂಖ್ಯೆಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ.

ಪೋಶಾ ಬೆಳೆದು ಯಾದೃಚ್ಛಿಕ ಗ್ರಾಫುಗಳಲ್ಲಿ ಒಳ್ಳೆಯ ಪ್ರಮೇಯಗಳನ್ನು ಸಾಧಿಸಿದ. ಎಲ್ಲ ಚುಕ್ಕೆಗಳನ್ನೂ ಒಂದೊಂದೇ ಸಲ ಮುಟ್ಟಿ ಮರಳುವ ಸುತ್ತು ಅಂತಹ ಗ್ರಾಫಿನಲ್ಲಿ ಯಾವಾಗ ಸಿಗುತ್ತದೆ ಎಂಬ ಬಗ್ಗೆ 1976ರ ಅವನ ಪ್ರಬಂಧವನ್ನು ಈಗಲೂ ಓದುತ್ತಾರೆ. ಆದರೆ ಆಮೇಲೆ ಸಂಶೋಧನೆ ಬಿಟ್ಟು ಶಾಲಾ ಮಕ್ಕಳಿಗೆ ಗಣಿತ ಕಲಿಸುವುದಕ್ಕೆ ಹೊರಟ. ವಾರಾಂತ್ಯದ ಶಿಬಿರಗಳಲ್ಲಿ ಮಕ್ಕಳನ್ನು ಕೂಡಿಸಿ, ಉತ್ತರ ಹೇಳಿಕೊಡದೆ ಅವರೇ ಕಂಡುಕೊಳ್ಳುವಂತೆ ಲೆಕ್ಕಗಳನ್ನು ಹೆಣೆಯುವ ಅವನ ಪದ್ಧತಿ ಹಂಗೆರಿಯಲ್ಲಿ ಪ್ರಸಿದ್ಧ. ಎರ್ಡೋಶ್ ಭಾಷೆಯಲ್ಲಿ ಸಂಶೋಧನೆ ನಿಲ್ಲಿಸಿದವನು 'ಸತ್ತ' ಎಂದೇ ಲೆಕ್ಕ. ಈ ಒಂದು ವಿಷಯದಲ್ಲಿ ಆ ಮಹಾನುಭಾವರೊಡನೆ ನನ್ನ ಜಗಳವಿದೆ. ಅವರ ತಂದೆ ತಾಯಿ ಶಿಕ್ಷಕರು. 'ಕೋಮಾಲ್' ಆರಂಭಿಸಿದವನು ಶಿಕ್ಷಕ. ಅರಾನ್ ಮೇಷ್ಟರು ಆ ಪತ್ರಿಕೆ ತೆಗೆಯದಿದ್ದರೆ ಅನಾಮಿಕನ ಕಟ್ಟೆಯಲ್ಲಿ ಪಾರಿವಾಳಗಳಷ್ಟೇ ಕೂರುತ್ತಿದ್ದವು. ಪೋಶಾ ಸತ್ತದ್ದು ಎಲ್ಲಿಂದ ಬಂತು? ಮಗಳಿಗೆ ಮಾತ್ರ ಎರ್ಡೋಶ್ ಪಕ್ಷವೇ ಸರಿಯೆನಿಸಿತು. "ಒಂದು ಹೊಸ ಪ್ರಮೇಯವನ್ನ ಇನ್ಯಾರು ಕೊಡ್ತಿದ್ರು ಅಪ್ಪ?" ಎಂದಳು. ಟ್ರಾಮಿನಲ್ಲಿ ಅರ್ಧ ದಾರಿ ಇದೇ ವಾದ ನಡೆಯಿತು, ತೀರ್ಮಾನವಾಗಲಿಲ್ಲ.

ಟ್ರಾಮು ನಮ್ಮನ್ನು ಒಯ್ದದ್ದು ಊರಿನ ಪೂರ್ವದಂಚಿಗೆ, ಕೋಜ್ಮಾ ಬೀದಿಯ ಯಹೂದಿ ಸ್ಮಶಾನಕ್ಕೆ. ಎರ್ಡೋಶ್ ತೀರಿಕೊಂಡದ್ದು 1996ರ ಸೆಪ್ಟೆಂಬರ್ 20ರಂದು, ಪೋಲೆಂಡಿನ ವಾರ್ಸಾದಲ್ಲಿ, ಒಂದು ಗಣಿತ ಸಮ್ಮೇಳನಕ್ಕೆ ಹೋಗಿದ್ದಾಗ. 83 ವರ್ಷ ಆಗಿತ್ತು. ಇಲ್ಲಿಗೆ ತಂದು ತಂದೆ ತಾಯಿಯ ಜತೆ ಮಣ್ಣು ಮಾಡಿದರು. ಕಡೆಗಂತೂ ಇನ್ನು ಮುಂದೆ ದಡ್ಡನಾಗುತ್ತ ಹೋಗಬೇಕಿಲ್ಲ ಎಂಬ ಅರ್ಥದ ಮಾತನ್ನು ತನ್ನ ಸಮಾಧಿಗೆಂದು ಅವರೇ ಸೂಚಿಸಿದ್ದರು.

ಸೆಕೆರೆಶ್ ಜತೆ 1935ರಲ್ಲಿ ಬರೆದ ಪ್ರಬಂಧದಲ್ಲಿ, ಒಬ್ಬೊಬ್ಬ ಸೇರಿದಂತೆಲ್ಲ ಬೇಕಾಗುವ ಜನಸಂಖ್ಯೆ ಹೆಚ್ಚೆಂದರೆ ನಾಲ್ಕು ಪಟ್ಟಿನ ಲೆಕ್ಕದಲ್ಲಿ ಬೆಳೆಯುತ್ತದೆ ಎಂದು ಅವರು ಸಾಧಿಸಿದ್ದರು. ಆ ನಾಲ್ಕನ್ನು ಕೂದಲೆಳೆಯಷ್ಟಾದರೂ ತಗ್ಗಿಸಲು ಎಷ್ಟೋ ಜನ ಪ್ರಯತ್ನಿಸಿ ಸೋತರು. ಕಡೆಗೆ 2023ರಲ್ಲಿ ಕಾಂಪೋಸ್, ಗ್ರಿಫಿತ್ಸ್, ಮಾರಿಸ್, ಸಹಸ್ರಬುದ್ಧೆ ಎಂಬ ನಾಲ್ವರು ತಗ್ಗಿಸಿದರು, ಎಂಬತ್ತೆಂಟು ವರ್ಷಗಳ ಮೇಲೆ. ಆ ಸುದ್ದಿ ಕೇಳಲು ಕಟ್ಟೆಯ ಗೆಳೆಯರಲ್ಲಿ ಯಾರೂ ಉಳಿದಿರಲಿಲ್ಲ.

ಯಹೂದಿಗಳಲ್ಲಿ ಸಮಾಧಿಗೆ ಹೂವಿನ ಬದಲು ಚಿಕ್ಕ ಕಲ್ಲನ್ನಿಡುವುದು ವಾಡಿಕೆ. ನಾವೂ ಒಂದೊಂದು ಬೆಣಚುಕಲ್ಲು ಆರಿಸಿ ತಂದು ಇಟ್ಟೆವು. ಗೇಟು ಹಾಕುವ ಹೊತ್ತಾಗಿತ್ತು. ಕಾವಲುಗಾರ ದೂರದಿಂದಲೇ ಕೈಯಾಡಿಸಿ ಕರೆದ.